ಸುವಾರ್ತಾಪ್ರಸಾರ

ಕ್ರೈಸ್ತರು ತಾವು ನಂಬಿದ ಯೇಸುಕ್ರಿಸ್ತನ ವೃತ್ತಾಂತವನ್ನೂ ಆತನಿಂದ ತಮಗೆ ದೊರೆತುದೆಂದು ಹೇಳುವ ಬಿಡುಗಡೆಯನ್ನೂ ಅನ್ಯರೊಡನೆ ಹಂಚಿಕೊಳ್ಳುವ ಕಾರ್ಯಕ್ಕೆ ಕನ್ನಡದಲ್ಲಿ ರೂಢವಾಗಿರುವ ಹೆಸರು ಸುವಾರ್ತಾಪ್ರಸಾರ. ಮೂಲದ ಗ್ರೀಕ್ ಶಬ್ದವಾದ ಎವಾಂಗೆಲಿಯೋನ್ ಎಂಬುದಕ್ಕೆ ಒಳ್ಳೆಯ ಸುದ್ದಿ ಎಂದಷ್ಟೇ ಅರ್ಥ. ಯುದ್ಧದಲ್ಲಿ ಜಯ ದೊರೆತುದನ್ನೊ ರಾಜಪುತ್ರನು ಜನಿಸಿದುದನ್ನೊ ಊರಿಗೆ ತಿಳಿಸಲು ಬಂದ ದೂತನ ಮಾತಿಗೆ ಆ ಕಾಲದವರು ಇದೇ ಪದವನ್ನು ಬಳಸುತ್ತಿದ್ದರು. ಪ್ರಾಟೆಸ್ಟೆಂಟ್ ಸಭೆಗಳವರು ಅದನ್ನು ಸುವಾರ್ತೆಯೆಂದೂ ಕಥೋಲಿಕರು ಶುಭಸಂದೇಶವೆಂದೂ ಕನ್ನಡಿಸಿಕೊಂಡರು. ಮತಪ್ರಚಾರ, ಮತಾಂತರ ಎಂಬ ಪದಗಳನ್ನು ಇದಕ್ಕೆ ಪರ್ಯಾಯವಾಗಿ ಬಳಸುವುದುಂಟಾದರೂ ಇವುಗಳ ಅರ್ಥ ಒಂದೇ ಅಲ್ಲ: ಸುದ್ದಿಯನ್ನು ಹೇಳುವುದು ಒಂದು, ಕೇಳಿದವನು ಅದಕ್ಕೆ ಮನಸೋತು ತನ್ನ ಬಾಳಿನ ದಿಕ್ಕನ್ನು ತಿರುಗಿಸಿಕೊಳ್ಳುವುದು ಇನ್ನೊಂದು, ಅವನ ಹೆಸರು ಖಾನೇಷುಮಾರಿಯ ಒಂದು ಅಂಕಣದಿಂದ ಮತ್ತೊಂದಕ್ಕೆ ವರ್ಗವಾಗುವುದು ಬೇರೆಯೇ ಒಂದು. ಇವನ್ನು ಬೆರಸಿ ಮಾತನಾಡಿದುದರಿಂದ ಹುಟ್ಟಿದ ವಿವಾದಗಳು ಅನೇಕ. ಈ ಲೇಖನದಲ್ಲಿ ಪರಿಶೀಲಿಸಿರುವುದು ಮುಖ್ಯವಾಗಿ ಮೊದಲನೆಯದನ್ನು. ಅದರಲ್ಲಿಯೂ ಖಂಡನಮಂಡನದಿಂದಲ್ಲದೆ ಪ್ರೀತಿಯಿಂದಲೂ ಕರೆಯಿಂದಲೂ ನಡೆದ, ಅಥವಾ ಹಾಗೆ ನಡೆಯಬೇಕೆಂದು ಹೊರಟು ದಾರಿ ತಪ್ಪಿದ, ಪ್ರಯತ್ನಗಳನ್ನು.

ಹೊಸ ಒಡಂಬಡಿಕೆಯಲ್ಲಿ ಈ ಕಾರ್ಯದ ಕೆಲವು ಚಿತ್ರಗಳು ಮನೆಮಾತಿನ ಮಟ್ಟದವು. ಅಂದ್ರೆಯನು ಯೇಸುವನ್ನು ಕಂಡೊಡನೆ ಮಾಡಿದುದು ಪ್ರವಚನವನ್ನಲ್ಲ, ತನ್ನ ಅಣ್ಣನಾದ ಸೀಮೋನನನ್ನು ಹುಡುಕಿ ಕರೆತಂದುದು. ಫಿಲಿಪ್ಪನು ನತಾನಯೇಲನಿಗೆ ವಿಷಯವನ್ನು ತಿಳಿಸಿದಾಗ, ನಜರೇತಿನಂಥ ಊರಿನಿಂದ ಒಳ್ಳೆಯದು ಬಂದೀತೆ ಎಂದು ಆತನು ಮೂಗು ಮುರಿದನು. ಫಿಲಿಪ್ಪನು ವಾದಕ್ಕಿಳಿಯದೆ, ಬಂದು ನೋಡಬೇಕೆಂದಷ್ಟೇ ಹೇಳಿದನು. ಬಾವಿಯ ಬಳಿ ಯೇಸುವಿನೊಡನೆ ಮಾತನಾಡಿದ ಸಮಾರ್ಯದ ಹೆಂಗಸು ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿ, ಆತನು ಕ್ರಿಸ್ತನಾಗಿರಬಹುದೇ ಎಂದು ಊರವರನ್ನೇ ಕೇಳಿದಳು. ಅಂದರೆ ನಿರ್ಣಯವನ್ನು ಅವರಿಗೇ ಬಿಟ್ಟಳು. ಈ ಮೂರು ಪ್ರಸಂಗಗಳೂ ಯೋಹಾನನ ಸುವಾರ್ತೆಯವು. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಸಕಲ ಜನಾಂಗಗಳ ಬಳಿಗೂ ಹೋಗಿ ಅವರನ್ನು ಶಿಷ್ಯರನ್ನಾಗಿ ಮಾಡಬೇಕೆಂಬ ಆಜ್ಞೆ ಬರುತ್ತದೆ. ಈಚಿನ ಶತಮಾನಗಳ ಮಿಷನ್ ಸಂಸ್ಥೆಗಳೆಲ್ಲ ತಮ್ಮ ಧ್ವಜದ ಮೇಲೆ ಬರೆದುಕೊಂಡುದು ಈ ಆಜ್ಞೆಯನ್ನು. ಆದರೆ ಜನರ ಮನಸ್ಸನ್ನು ಹೆಚ್ಚಾಗಿ ಮುಟ್ಟಿದುದು ಫಿಲಿಪ್ಪನ ರೀತಿ.

ಲೂಕನ ಸುವಾರ್ತೆಯಲ್ಲಿ ಬರುವ ಔತಣದ ಸಾಮ್ಯವು ಈ ವಿಷಯದ ಇತಿಹಾಸದಲ್ಲಿ ವಿಚಿತ್ರವಾದ ಪಾತ್ರವನ್ನು ವಹಿಸಿದೆ. ಕರೆದವರು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ತಪ್ಪಿಸಿಕೊಳ್ಳಲು, ಯಜಮಾನನು ಬೀದಿಯ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಸಿ, ಇನ್ನೂ ಎಡೆ ಉಳಿಯಲು, ಬೇಲಿಯ ಬದಿಯಲ್ಲಿರುವವರನ್ನು ಬಲವಂತವಾಗಿಯಾದರೂ ಕರೆತರಬೇಕೆಂದು ಆಳಿಗೆ ಹೇಳುತ್ತಾನೆ. ಈ ಬಲವಂತ ಯಾವುದು ಎಂಬುದು ಕನ್ನಡದ ಮನೆಗಳಲ್ಲಿ ಉಂಡವರಿಗೆ ವಿವರಿಸಬೇಕಾದುದಿಲ್ಲ. ಹರಿದ ಬಟ್ಟೆಯವನು ಹಬ್ಬದ ಮನೆಯ ಹೊಸ್ತಿಲಲ್ಲಿ ಹಿಂಜರಿದು ನಿಂತಾಗ ಕೈಹಿಡಿದು ಒಳಕ್ಕೆ ಕರೆಯುವ, ಸಾಕೆಂದು ಕೈಯಡ್ಡ ಹಿಡಿದ ಎಲೆಗೆ ಇನ್ನೊಂದು ಹೋಳಿಗೆಯನ್ನು ಹಾಕುವ ಬಲವಂತ ಅದು. ಉಪಚಾರದ ಒಂದು ಭಾಗ. ಆದರೆ ಐದನೆಯ ಶತಮಾನದ ಆದಿಯಲ್ಲಿ, ಉತ್ತರ ಆಫ್ರಿಕದ ಮಹಾಮೇಧಾವಿ ಸಂತ ಅಗಸ್ಟೀನನು, ಮೊದಲು ಬಲಪ್ರಯೋಗವನ್ನು ಒಲ್ಲದಿದ್ದವನು, ಡೊನಾಟಿಸ್ಟರೆಂಬ ಭಿನ್ನಪಂಗಡದವರ ಮೇಲೆ ಸಾಮ್ರಾಜ್ಯದ ಕಾನೂನನ್ನು ಹೇರುವುದು ಸರಿಯೆಂದು ಸಮರ್ಥಿಸುವಾಗ ಈ ಸಾಮ್ಯದ ಮಾತನ್ನೇ ಆಧಾರವಾಗಿ ಹಿಡಿದನು. ಬಡಿಸುವವನ ಬಲವಂತ ಹೀಗೆ ದಂಡಾಧಿಕಾರಿಯ ಬಲವಂತವಾಯಿತು. ಅಲ್ಲಿಂದ ಮುಂದಿನ ಸಾವಿರದ ಇನ್ನೂರು ವರ್ಷಗಳ ಅನೇಕ ಕ್ರೌರ್ಯಗಳಿಗೆ ಒಂದು ಶಬ್ದದ ಅಪಾರ್ಥ ನೆರಳಾಗಿ ನಿಂತಿತೆಂದರೆ ಅತ್ಯುಕ್ತಿಯಾಗದು.

ಅದಕ್ಕೆ ಮುಂಚಿನ ಮೂರು ಶತಮಾನಗಳ ಸ್ಥಿತಿ ಬೇರೆ. ಆಗ ಕ್ರೈಸ್ತರ ಕೈಯಲ್ಲಿ ಅಧಿಕಾರವೂ ಇರಲಿಲ್ಲ, ಪ್ರಚಾರಕ್ಕೆಂದು ಏರ್ಪಟ್ಟ ಸಂಸ್ಥೆಯೂ ಇರಲಿಲ್ಲ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಅವರನ್ನು ಖಂಡಿಸಿ ಬರೆದ ಕೆಲ್ಸಸನೆಂಬ ದಾರ್ಶನಿಕನ ದೊಡ್ಡ ದೂರು, ಉಣ್ಣೆ ಕೆಲಸದವರೂ ಚಮ್ಮಾರರೂ ಅಗಸರೂ ಮನೆಯ ಹಿರಿಯರ ಮುಂದೆ ಬಾಯಿಬಿಡದೆ ಹೆಂಗಸರ, ಮಕ್ಕಳ ಕಿವಿಯಲ್ಲಿ ಈ ಮತವನ್ನು ಊದುತ್ತಾರೆ ಎಂಬುದು. ಹಗೆಯ ಈ ಸಾಕ್ಷ್ಯಕ್ಕಿಂತ ಉತ್ತಮವಾದ ದಾಖಲೆ ಮಿತ್ರರಿಂದಲೂ ದೊರೆಯಲಾರದು: ಸುದ್ದಿ ಹರಡಿದುದು ಮಗ್ಗದ ಮನೆಯಲ್ಲಿ, ಅಡುಗೆಯ ಮನೆಯಲ್ಲಿ, ಬಂದರಿನ ಕಟ್ಟೆಯಲ್ಲಿ. ಮೂರನೆಯ ಶತಮಾನದ ನಡುವೆ ರೋಮನ್ ಸಾಮ್ರಾಜ್ಯವನ್ನು ಮಹಾಮಾರಿ ಹೊಕ್ಕಾಗ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸನು ಬರೆದ ಪತ್ರವೊಂದರಲ್ಲಿ, ರೋಗಿಗಳನ್ನು ಬೀದಿಗೆ ಹಾಕಿ ಜನ ಓಡುತ್ತಿದ್ದಾಗ ಕ್ರೈಸ್ತರು ಅವರ ಶುಶ್ರೂಷೆಗೆ ನಿಂತು ತಾವೂ ಮಡಿದ ಸಂಗತಿಯಿದೆ. ಕ್ರಿ.ಶ. 361ರಿಂದ 363ರ ವರೆಗೆ ಆಳಿದ ಚಕ್ರವರ್ತಿ ಜೂಲಿಯನನು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಊರ್ಜಿತಗೊಳಿಸಲು ಹೆಣಗುತ್ತ, ಈ ಗಲಿಲೇಯದವರು (ಎಂದರೆ ಕ್ರೈಸ್ತರು) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಪೊರೆಯುತ್ತಿದ್ದಾರೆಂದು ತನ್ನ ಅರ್ಚಕರಿಗೆ ಬರೆದು ನಾಚಿಕೆಪಟ್ಟನು.

ಅಧಿಕಾರ ಬಂದ ಮೇಲೆ ನಡೆದುದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಎಂಟನೆಯ ಶತಮಾನದ ಕೊನೆಯಲ್ಲಿ ಚಾರ್ಲ್‌ಮೇನ್ ದೊರೆಯು ಸ್ಯಾಕ್ಸನರನ್ನು ಕತ್ತಿಯ ಮೊನೆಯಲ್ಲಿ ದೀಕ್ಷಾಸ್ನಾನಕ್ಕೆ ಅಟ್ಟಿದಾಗ ಅವನ ಆಸ್ಥಾನದ ಪಂಡಿತನೇ ಆದ ಆಲ್ಕುಯಿನನು, ನಂಬಿಕೆಯು ಮನಸ್ಸಿನ ಒಪ್ಪಿಗೆಯ ವಿಷಯವೇ ಹೊರತು ಬಲಾತ್ಕಾರದ್ದಲ್ಲವೆಂದು ಎದುರು ನುಡಿದನು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಬಾರ್ತೊಲೊಮೆ ದ ಲಾಸ್ ಕಾಸಾಸ್ ಎಂಬ ಡೊಮಿನಿಕನ್ ಸಂನ್ಯಾಸಿಯು, ಬುದ್ಧಿಗೆ ಯುಕ್ತಿಯಿಂದ ಒಪ್ಪಿಸುವುದೂ ಇಚ್ಛೆಯನ್ನು ಮೃದುವಾಗಿ ಆಕರ್ಷಿಸುವುದೂ ಅಲ್ಲದೆ ಧರ್ಮಕ್ಕೆ ಕರೆಯಲು ಅನ್ಯಮಾರ್ಗವೇ ಇಲ್ಲವೆಂದು ಒಂದು ಗ್ರಂಥವನ್ನೇ ರಚಿಸಿದನು. ಸೈನಿಕರು ಕಾಲಿಡಬಾರದೆಂಬ ಕರಾರಿನ ಮೇಲೆ ಗ್ವಾಟೆಮಾಲದ ಒಂದು ಪ್ರಾಂತಕ್ಕೆ ಅವನೂ ಅವನ ಸಂಗಡಿಗರೂ 1537ರಲ್ಲಿ ಕೈಹಾಕಿದರು. ಸ್ಥಳೀಯ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ, ವ್ಯಾಪಾರಿಗಳಿಗೆ ಕಲಿಸಿ, ಅವರ ಸರಕಿನೊಡನೆ ಕಳುಹಿಸಿದರೆಂದು ಪ್ರತೀತಿ. ನಮ್ಮ ಕಡಲ ಕರೆಗೆ ಸಮೀಪದಲ್ಲಿಯೇ, ಗೋವೆಯಲ್ಲಿ, 1560ರಲ್ಲಿ ಸ್ಥಾಪಿತವಾದ ಮತವಿಚಾರಣೆಯ ನ್ಯಾಯಸ್ಥಾನವು ಹತ್ತೊಂಬತ್ತನೆಯ ಶತಮಾನದ ಆದಿಯವರೆಗೂ ಉಳಿದಿದ್ದಿತು. ಪಶ್ಚಿಮ ತೀರದಲ್ಲಿ ಪಾದ್ರಿಯೆಂಬ ಹೆಸರಿಗೆ ಅಂಟಿದ ಅಂಜಿಕೆಯ ಒಂದು ಮೂಲ ಅಲ್ಲಿದೆ.

ಕನ್ನಡದ ಒಳನಾಡಿಗೆ ಸುವಾರ್ತೆ ಬಂದುದು ಇಂಥ ಅಧಿಕಾರದ ಬೆಂಬಲವಿಲ್ಲದೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಗುರುವು, ಮಧುರೆಯಲ್ಲಿ ರಾಬರ್ಟೊ ದ ನೊಬಿಲಿ 1606ರಿಂದ ತೋರಿಸಿದ್ದ ದಾರಿಯನ್ನು ಹಿಡಿದು, ಸಂನ್ಯಾಸಿಯ ವೇಷವನ್ನು ಧರಿಸಿ, ಕನ್ನಡವನ್ನು ಕಲಿತು, ಆ ಭಾಷೆಯಲ್ಲಿ ಧರ್ಮೋಪದೇಶದ ಪುಸ್ತಕಗಳನ್ನು ಬರೆದನು. ವ್ಯಾಕರಣವನ್ನೂ ನಿಘಂಟನ್ನೂ ಸಿದ್ಧಪಡಿಸಿದನು. ದೊರೆಯ ರಾಜಧಾನಿಯಲ್ಲಿ ಅನುಮತಿ ಬೇಡಿ ನೆಲೆಸಿದ ಅತಿಥಿ ಆತ. ಹೊರಕ್ಕೆ ನಡೆಯೆಂದರೆ ನಡೆಯಬೇಕಾದವನು. ಕರೆಯುವವನೇ ಕರೆಸಿಕೊಂಡವನ ದಾಕ್ಷಿಣ್ಯದಲ್ಲಿರುವ ಈ ಸ್ಥಿತಿ ಬೋಧಕನಿಗೆ ಒಳ್ಳೆಯ ಶಿಕ್ಷಣವೆಂದು ನಮ್ಮ ಅಭಿಪ್ರಾಯ.

ಇದೇ ಪರಂಪರೆಯ ಅಂಚಿನಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಗುರುವಿನ ಕಥೆ ಬರುತ್ತದೆ. ಸುವಾರ್ತಾಪ್ರಸಾರದ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ಅಧ್ಯಾಯ ವಿರಳ. 1792ರಲ್ಲಿ ಭಾರತಕ್ಕೆ ಬಂದ ಆತನು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದರಿಹೋಗಿದ್ದ ಕಥೋಲಿಕರನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದು, ನಾಡವರಂತೆ ಉಟ್ಟು, ನಾಡವರಂತೆ ಉಂಡು, ಹಳ್ಳಿಯಿಂದ ಹಳ್ಳಿಗೆ ಅಲೆದನು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯನ್ನು ಕಟ್ಟಿಕೊಟ್ಟನು. ಸಿಡುಬಿನ ವಿರುದ್ಧ ದೇವಿ ಹಾಕಿಸುವುದು ಹೊಸದಾಗಿ ಬಂದಿದ್ದ ಆ ದಿನಗಳಲ್ಲಿ ಸಾವಿರಾರು ಜನಕ್ಕೆ ಅದನ್ನು ಒಪ್ಪಿಸಿ ಹಾಕಿಸಿದನು. ಜನ ಅವನನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಆತನು ಬರೆದ ಗ್ರಂಥದ ಹಸ್ತಪ್ರತಿಯನ್ನು ಕಂಪನಿ ಸರಕಾರವು 1807ರಲ್ಲಿ ಎರಡು ಸಾವಿರ ಪಗೋಡ ಕೊಟ್ಟು ಕೊಂಡುಕೊಂಡಿತು. ಇಷ್ಟೆಲ್ಲವನ್ನೂ ಮಾಡಿ 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದವನು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಇಷ್ಟು ದೀರ್ಘಕಾಲದಲ್ಲಿ ತಾನು ಕ್ರೈಸ್ತರನ್ನಾಗಿ ಮಾಡಿದುದು ಇನ್ನೂರು ಮುನ್ನೂರು ಮಂದಿಯನ್ನು ಮಾತ್ರವೆಂದೂ, ಅವರಲ್ಲಿ ಬಹುಮಂದಿ ದಿಕ್ಕಿಲ್ಲದ ದರಿದ್ರರೆಂದೂ, ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವ ಆಸೆಯೇ ವ್ಯರ್ಥವೆಂದೂ ಬಿಚ್ಚಿ ಬರೆದನು. ಇಂಗ್ಲೆಂಡಿನ ಮಿಷನ್ ವಲಯಗಳಲ್ಲಿ ದೊಡ್ಡ ಗದ್ದಲವೆದ್ದು, ಮರುವರ್ಷವೇ ಪ್ರತಿವಾದದ ಪುಸ್ತಕಗಳು ಹೊರಬಂದವು. ದುಬಾಯಿಯ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ದೇವಿ ಹಾಕಿಸಿಕೊಂಡ ಜನರನ್ನು ತನ್ನ ಲೆಕ್ಕದ ಪುಸ್ತಕಕ್ಕೆ ಸೇರಿಸಿಕೊಳ್ಳದೆ ಬಿಟ್ಟ ಆತನ ನಿಷ್ಠುರತೆ ಆಮೇಲಿನ ವರದಿಗಾರರಲ್ಲಿ ಬಹಳ ಜನಕ್ಕೆ ಸಾಧ್ಯವಾಗಲಿಲ್ಲ.

ಪ್ರಾಟೆಸ್ಟೆಂಟರ ಕಾರ್ಯವು ಬಳ್ಳಾರಿಯಲ್ಲಿ ಮೊದಲಾಯಿತು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬೈಬಲನ್ನು ಕನ್ನಡಕ್ಕೆ ತಿರುಗಿಸುವ ಕೆಲಸವನ್ನು ಕೈಗೊಂಡನು. ಅವನ ಸಹೋದ್ಯೋಗಿ ವಿಲಿಯಂ ರೀವನು ಎರಡು ದೊಡ್ಡ ನಿಘಂಟುಗಳನ್ನು ರಚಿಸಿದನು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು ಶಾಲೆಗಳನ್ನೂ ಅಚ್ಚುಕೂಟವನ್ನೂ ನಡೆಸಿದರು. ಕರಾವಳಿ, ಧಾರವಾಡ, ಕೊಡಗುಗಳಲ್ಲಿ ಬಾಸೆಲ್ ಮಿಷನ್ನಿನವರು ನೆಲೆನಿಂತರು. ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದುದರಿಂದ ಅದರ ಆರಂಭ. ಆ ಮೂವರಲ್ಲಿ ಸ್ಯಾಮುಯೆಲ್ ಹೇಬಿಕ್ಕನು ಉದ್ದನೆಯ ಗಡ್ಡದ, ಸಿಡಿಲಿನಂಥ ಮಾತಿನ ಮನುಷ್ಯ. ಜಾತ್ರೆಯ ನಡುವೆ ನಿಂತು ವಿಗ್ರಹಾರಾಧನೆಯನ್ನು ಖಂಡಿಸಿ, ಜನರಿಂದ ಕಲ್ಲುಮಣ್ಣುಗಳನ್ನು ಎಸೆಯಿಸಿಕೊಂಡು, ಅದನ್ನೂ ಸಂತೋಷದಿಂದ ಸಹಿಸಿದವನು. ಅವನ ಧೈರ್ಯವನ್ನು ಮೆಚ್ಚಲೇಬೇಕು. ಪರರ ಹಬ್ಬದಂದು ಪರರ ದೇವರನ್ನು ಹಳಿಯುವುದನ್ನು ಕರೆಯೆಂದು ಮಾತ್ರ ಹೇಳಲಾಗದು.

ಅವನಿಗಿಂತ ಎರಡು ವರ್ಷ ತಡವಾಗಿ ಬಂದ ಹೆರ್ಮನ್ ಮೋಗ್ಲಿಂಗನ ರೀತಿ ಭಿನ್ನವಾದುದು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಹುಡುಗರ ಜತೆಯಲ್ಲಿಯೇ ವಾಸಮಾಡಿ ಕಲಿಸಿದ ಈತನು, ಜನರ ಮನಸ್ಸನ್ನು ಮುಟ್ಟುವ ಮುನ್ನ ಅವರ ಹಾಡು, ಗಾದೆ, ಪುರಾಣಗಳನ್ನು ಅರಿಯಬೇಕೆಂದು ನಂಬಿ, 1843ರ ಜುಲೈಯಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದನು. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶನ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳೇ ಮುಂತಾದುವನ್ನು ಅಚ್ಚುಹಾಕಿಸಿದನು. ಸುವಾರ್ತೆಯನ್ನು ಸಾರಲು ಬಂದವನು ದಾಸರ ಪದಗಳನ್ನು ಸಾರಿದ್ದು ಅವನ ಮೇಲಧಿಕಾರಿಗಳಲ್ಲಿ ಕೆಲವರಿಗೆ ತೊಡಕಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಮೋಗ್ಲಿಂಗನ ಮಟ್ಟಿಗೆ ಇವೆರಡೂ ಒಂದೇ ಪ್ರೀತಿಯ ಎರಡು ಕೈಗಳು. ಒಬ್ಬನ ಮನೆಗೆ ಕರೆಯೋಲೆಯನ್ನು ಒಯ್ಯುವವನು ಮೊದಲು ಆ ಮನೆಯ ಹೆಸರನ್ನಾದರೂ ಸರಿಯಾಗಿ ಉಚ್ಚರಿಸಲು ಕಲಿಯಬೇಕಷ್ಟೆ.

ಈ ಪ್ರೀತಿ ಊರಿಗೆ ಸುಲಭವಾಗಿ ಜೀರ್ಣವಾದುದೆಂದು ಭಾವಿಸಬಾರದು. 1844ರ ಜನವರಿ 6ರಂದು ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾಯ ಕೌಂಡಿನ್ಯನೆಂಬ ಹತ್ತೊಂಬತ್ತು ವರ್ಷದ ಒಳಗಿನ ತರುಣನು ಗೆಳೆಯರೊಡನೆ ದೀಕ್ಷಾಸ್ನಾನವನ್ನು ಪಡೆದಾಗ ಮಂಗಳೂರು ಕಲಕಿಹೋಯಿತು. ಮನೆಯವರ ಪಾಲಿಗೆ ಅವನು ಸತ್ತವನಾದ. ಕಟ್ಟಿಕೊಂಡ ಹೆಂಡತಿ ಅವನನ್ನು ಕೂಡಿಕೊಳ್ಳಲಿಲ್ಲ. ಅನೇಕ ತಂದೆತಾಯಿಗಳು ತಮ್ಮ ಮಕ್ಕಳನ್ನು ಮಿಷನ್ ಶಾಲೆಯಿಂದ ಬಿಡಿಸಿದರು. ಆತನು 1846ರಲ್ಲಿ ಮೋಗ್ಲಿಂಗನೊಡನೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕದೀಕ್ಷೆಯನ್ನು ಪಡೆದು ಹಿಂದಿರುಗಿದನು; ಕೊಡಗಿನಲ್ಲಿ, ಅಸ್ಪೃಶ್ಯರೆನಿಸಿ ಜೀತದಲ್ಲಿದ್ದ ಹೊಲಗೆಲಸದವರಿಗೆ ನೆಲೆಯಾಗಲೆಂದು ಆತನು ತೊಡಗಿಸಿದ ನೆಲದ ಮೇಲೆ ಎದ್ದ ಊರಿಗೆ ಆನಂದಪುರವೆಂಬ ಹೆಸರು ಇಂದಿಗೂ ಇದೆ. ಕೌಂಡಿನ್ಯನ ವೃತ್ತಾಂತವನ್ನು ಮಿಷನ್ ಇತಿಹಾಸಕಾರರು ಜಯದ ಕಥೆಯಾಗಿಯೂ ಅವನ ಊರವರು ವಿಶ್ವಾಸಘಾತದ ಕಥೆಯಾಗಿಯೂ ಹೇಳಿಕೊಂಡರು. ಎರಡರಲ್ಲಿಯೂ ಅವನ ತಾಯಿಯ, ಹೆಂಡತಿಯ ಮಾತು ಕೇಳಿಬರುವುದಿಲ್ಲ.

ಕರೆಗೆ ಓಗೊಟ್ಟವನು ಜಾತಿಯನ್ನು ಕಳೆದುಕೊಳ್ಳುತ್ತಿದ್ದನು. ಜಾತಿಯೊಡನೆ ಕಸುಬನ್ನೂ, ಕಸುಬಿನೊಡನೆ ಅನ್ನವನ್ನೂ. ಕರೆದವರು ಅವನಿಗೆ ಊಟದ ದಾರಿಯನ್ನು ತೋರಿಸದೆ ವಿಧಿಯಿರಲಿಲ್ಲ. ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಗಳೂ, 1865ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯೂ ಹುಟ್ಟಿದುದು ಈ ಇಕ್ಕಟ್ಟಿನಿಂದ. ಪಶ್ಚಿಮ ಕರಾವಳಿಯ ಮಾಡುಗಳನ್ನು ಕೆಂಪಗೆ ಮಾಡಿದ ಮಂಗಳೂರು ಹೆಂಚಿನ ಮೂಲದಲ್ಲಿ ಹೀಗೆ ಒಂದು ಧರ್ಮಸೂಕ್ಷ್ಮವಡಗಿದೆ: ಮನೆಯಿಂದ ಹೊರಗಾದವನಿಗೆ ಕೂಲಿ ಕೊಡುವುದು ಕರ್ತವ್ಯ, ಆದರೆ ಕೂಲಿ ದೊರೆಯುತ್ತದೆಂಬ ಸುದ್ದಿ ಹರಡಿದೊಡನೆ ಕರೆಯ ಸ್ವರೂಪವೇ ಬದಲಾಗುತ್ತದೆ. ಉಪದೇಶಿಗಳು ಇದನ್ನು ಅರಿಯದವರಲ್ಲ. ಗದಗಿನ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ್ದ ಪಂಗಡವೊಂದು ಮಿಷನ್ನಿನಲ್ಲಿ ಆಸಕ್ತಿ ತೋರಿದಾಗ, ಅವರಿಗಾಗಿ 1841ರ ಹೊತ್ತಿಗೆ ಮಲಸಮುದ್ರದಲ್ಲಿ ನೆಲವನ್ನು ಪಡೆದು ಊರೊಂದನ್ನು ಕಟ್ಟಲು ಹೊರಟರು. ಬರುವರೆಂದು ನಿರೀಕ್ಷಿಸಿದ ಜನ ಬರಲಿಲ್ಲ. ಎಲೆ ಹಾಕಿ ಕುಳಿತ ಯಜಮಾನನ ಸಾಮ್ಯವು ಮಲಸಮುದ್ರದ ಬೋಧಕರಿಗೆ ಎಷ್ಟು ಬಾರಿ ನೆನಪಾಯಿತೋ!

ಕ್ಷಾಮದ ಕಾಲದಲ್ಲಿ ಈ ಸೂಕ್ಷ್ಮ ಇನ್ನೂ ತೀಕ್ಷ್ಣವಾಯಿತು. 1876ರಿಂದ 78ರ ವರೆಗಿನ ದೊಡ್ಡ ಬರವು ಮೈಸೂರು ಸಂಸ್ಥಾನವನ್ನು ಅಲ್ಲೋಲಕಲ್ಲೋಲ ಮಾಡಿದಾಗ ವೆಸ್ಲಿಯನ್ನರು ಹಾಸನ, ತುಮಕೂರುಗಳಲ್ಲಿ ಅನಾಥಾಲಯಗಳನ್ನು ತೆರೆದು ಮಕ್ಕಳನ್ನು ಸಾಕಿದರು. ಅಲ್ಲಿ ಬೆಳೆದವರು ಕ್ರೈಸ್ತರಾಗಿಯೇ ಬೆಳೆದರು. ಸಾಯುತ್ತಿದ್ದ ಮಗುವನ್ನು ಎತ್ತಿಕೊಂಡವರನ್ನು ದೂರುವ ಬಾಯಿ ಯಾವುದು? ಆದರೂ ಕರೆಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಆ ಮಗುವಿಗೆ ಇದ್ದಿತೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಆಸ್ಪತ್ರೆಗಳ ವಿಷಯದಲ್ಲಿ ಈ ತೊಡಕು ಕಡಮೆ. ಮಂಗಳೂರಿನ ಕಂಕನಾಡಿಯಲ್ಲಿ ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಗುರುವು 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿಯ ಔಷಧವನ್ನು ಕೊಡಲಾರಂಭಿಸಿ, ಹತ್ತು ವರ್ಷಗಳಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದನು. ಬೆಂಗಳೂರಿನ ಸಂತ ಮಾರ್ತರ ಆಸ್ಪತ್ರೆ 1886ರದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರದು. ಇವುಗಳಲ್ಲಿ ಹುಟ್ಟಿದ, ಗುಣಹೊಂದಿದ ಲಕ್ಷಾಂತರ ಜನರಲ್ಲಿ ಕ್ರೈಸ್ತರಾದವರು ಅತ್ಯಲ್ಪ. ಆದರೂ ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲವಾದುದರಿಂದ, ಆ ಪ್ರೀತಿಗೆ ಬೇರೊಂದು ಗುರಿಯಿತ್ತೆಂಬ ಆಪಾದನೆಗೆ ಅದೇ ಉತ್ತರವಾಯಿತು.

ಸುವಾರ್ತೆಯು ಕನ್ನಡದ ಬಟ್ಟೆಯನ್ನುಟ್ಟುದು ಎಷ್ಟರ ಮಟ್ಟಿಗೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಫರ್ಡಿನೆಂಡ್ ಕಿಟ್ಟೆಲನು 1894ರ ನಿಘಂಟಿನಿಂದ ಪ್ರಸಿದ್ಧನಾದರೂ, ಅದಕ್ಕೆ ಮೂವತ್ತೆರಡು ವರ್ಷ ಮೊದಲೇ ಕ್ರಿಸ್ತನ ಜೀವನವನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ ಕಥಾಮಾಲೆಯೆಂಬ ಕಾವ್ಯವಾಗಿ ಬರೆದಿದ್ದನು. ಕಾವ್ಯವಾಗಿ ಅದರ ಸ್ಥಾನ ಎತ್ತರದ್ದೆಂದು ಹೇಳಲಾಗದು. ಆದರೆ ಗಮಕಿಯ ಬಾಯಿಗೆ ಹೊಂದುವಂತೆ ಸುವಾರ್ತೆಯನ್ನು ಹೇಳಬೇಕೆಂಬ ಅದರ ಆಸೆ ಎತ್ತರದ್ದು. ಇನ್ನೊಬ್ಬರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಬೋಧಕರಾಗಿ ಧಾರವಾಡ ಸೀಮೆಯ ಹಳ್ಳಿಗಳನ್ನು ತಿರುಗುತ್ತ, ರೈತರ ಬಾಯಿಯಿಂದಲೂ ಓಲೆಗರಿಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಅವರು ಪ್ರಕಟಿಸಿದ ಸಂಗ್ರಹವು ಕನ್ನಡಕ್ಕೆ ಸರ್ವಜ್ಞನನ್ನು ಮರಳಿ ದೊರಕಿಸಿತು; ವೀರಶೈವ ವಚನಗಳನ್ನು ಕುರಿತ ಅವರ ಸಂಶೋಧನೆಯನ್ನು ಮಠಗಳವರೂ ಗೌರವಿಸಿದರು; 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ನಾಡು ಅವರನ್ನು ಕರೆಯಿತು. ಕರೆಯುವ ವೃತ್ತಿಯವರೊಬ್ಬರನ್ನು ಕನ್ನಡ ನಾಡೇ ಕರೆದ ಈ ಪ್ರಸಂಗದಲ್ಲಿ ಯಾರೂ ಯಾರ ನಂಬಿಕೆಯನ್ನೂ ಬಿಟ್ಟುಕೊಡಬೇಕಾಗಿ ಬರಲಿಲ್ಲ.

ಪಂಡಿತಾ ರಮಾಬಾಯಿಯವರ ಜೀವನವು ಕರೆಸಿಕೊಂಡವರ ಕಡೆಯಿಂದ ಈ ವಿಷಯವನ್ನು ನೋಡಲು ಅನುವು ಮಾಡಿಕೊಡುತ್ತದೆ. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿ, ತಂದೆತಾಯಿಗಳಿಂದಲೇ ಸಂಸ್ಕೃತವನ್ನು ಕಲಿತು, ಬರಗಾಲದಲ್ಲಿ ಅವರಿಬ್ಬರನ್ನೂ ಕಳೆದುಕೊಂಡು, ಅಣ್ಣನೊಡನೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಕತ್ತೆಯ ಪಂಡಿತರಿಂದ ಸರಸ್ವತಿಯೆಂಬ ಬಿರುದನ್ನು ಪಡೆದ ಈಕೆಯನ್ನು ವಾದದಲ್ಲಿ ಗೆಲ್ಲುವುದು ಯಾವ ಪಾದ್ರಿಗೂ ಆಗುವ ಮಾತಾಗಿರಲಿಲ್ಲ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರ ಅತಿಥಿಯಾಗಿದ್ದಾಗ, ಆ ಸಂಘದವರು ಲಂಡನ್ನಿನ ಫುಲ್ಹಾಮಿನಲ್ಲಿ, ಸಮಾಜವು ಪತಿತೆಯರೆಂದು ತಳ್ಳಿದ ಹೆಂಗಸರನ್ನು ಕರೆದು ಇರಿಸಿಕೊಂಡಿದ್ದ ಮನೆಯನ್ನು ಆಕೆ ಕಂಡರು. ತಮ್ಮ ದೇಶದಲ್ಲಿ ಇಂಥವರನ್ನು ಯಾರೂ ಹೀಗೆ ಆದರಿಸಿದುದನ್ನು ತಾವು ಕಂಡಿರಲಿಲ್ಲವೆಂದೂ, ಕಾರಣವೇನೆಂದು ಕೇಳಿದಾಗ ಒಬ್ಬ ಸಂನ್ಯಾಸಿನಿಯು ಸಮಾರ್ಯದ ಹೆಂಗಸಿನ ಕಥೆಯನ್ನು ಹೇಳಿದಳೆಂದೂ ಅವರು ಮುಂದೆ ಬರೆದುಕೊಂಡರು. ಆ ವರ್ಷದ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನವಾಯಿತು. ಕರೆಯನ್ನು ಒಪ್ಪಿದುದು ಶರಣಾಗತಿಯಲ್ಲವೆಂಬುದನ್ನೂ ಅವರು ಬೇಗನೆ ತೋರಿಸಿಕೊಟ್ಟರು: ಸಂನ್ಯಾಸಿನಿಯರು ತೊಡಿಸಬಯಸಿದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದುದನ್ನು ಕಂಡು, ನಮ್ಮ ಪುರಾತನ ಸಂಸ್ಕೃತಕ್ಕಿಂತ ಲ್ಯಾಟಿನ್ನಿನಲ್ಲಿ ಹೆಚ್ಚಿನದೇನಿದೆ ಎಂದು ಕೇಳಿದ ಪತ್ರ ಪ್ರಸಿದ್ಧವಾಗಿದೆ.

ಸ್ವದೇಶಕ್ಕೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ಆಕೆ ತೆರೆದ ಶಾರದಾಸದನವು ಬಾಲವಿಧವೆಯರ ವಿದ್ಯಾಲಯ. ಅಲ್ಲಿ ಮತಬೋಧೆಯಿಲ್ಲವೆಂದು ಮಾತುಕೊಟ್ಟಿದ್ದರು. ಸದನವು ಪುಣೆಗೆ ಬಂದ ಮೇಲೆ, ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುವುದಿಲ್ಲವೆಂದೂ ಹುಡುಗಿಯರು ಬಂದು ಕುಳಿತುಕೊಳ್ಳುತ್ತಾರೆಂದೂ ಆಕ್ಷೇಪಣೆಯೆದ್ದಿತು. ಕೋಣೆ ತನ್ನದು, ಪ್ರಾರ್ಥನೆ ತನ್ನದು, ಬರುವವರನ್ನು ತಡೆಯಲಾರೆ ಎಂದು ಆಕೆ. ಆಶ್ರಯ ಕೊಟ್ಟವಳ ತೆರೆದ ಬಾಗಿಲು ಆಶ್ರಿತೆಗೆ ಕರೆಯಲ್ಲದೆ ಮತ್ತೇನು ಎಂದು ಎದುರು ಪಕ್ಷ. 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳು ಸಲಹಾಮಂಡಲಿಯಿಂದ ಹೊರಬಂದರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ತೆರೆದ ಬಾಗಿಲಿನ ಈ ವಿವಾದದಲ್ಲಿ ಎರಡು ಪಕ್ಷಕ್ಕೂ ನ್ಯಾಯವಿದೆ ಎಂಬುದೇ ಅದರ ಕಷ್ಟ. ಮನೆಗೆ ಹಿಂದಿರುಗಿದ ಬಾಲವಿಧವೆಯರಿಗೆ ಅಲ್ಲಿ ಯಾವ ಬಾಗಿಲು ತೆರೆದಿದ್ದಿತೆಂಬುದನ್ನೂ ಈ ನ್ಯಾಯದ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯದ ಚರ್ಚೆ ಭಾರತೀಯ ಕ್ರೈಸ್ತರ ಕೈಗೆ ಬಂದಿತು. 1910ರಲ್ಲಿ ಎಡಿನ್‌ಬರೊದಲ್ಲಿ ನೆರೆದ ಮಿಷನರಿಗಳ ಮಹಾಸಭೆಯಲ್ಲಿ, ಎರಡು ವರ್ಷಗಳ ಮೇಲೆ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾಗಲಿದ್ದ ವಿ. ಎಸ್. ಅಜರಯ್ಯನವರು ಎದ್ದು ನಿಂತು, ನೀವು ನಿಮ್ಮ ಸ್ವತ್ತನ್ನು ಬಡವರಿಗೆ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ಸ್ನೇಹವನ್ನು ಮಾತ್ರ ಕೊಟ್ಟಿಲ್ಲ ಎಂಬ ಅರ್ಥ ಬರುವಂತೆ ಮಾತನಾಡಿದಾಗ ಸಭೆ ಬೆಚ್ಚಿತು. ಬಂಗಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ ಮಾತನಾಡಿಸುವವನು ಪರಲೋಕದ ಔತಣಕ್ಕೆ ಹೇಗೆ ಕರೆದಾನು ಎಂಬುದು ಅದರ ತಾತ್ಪರ್ಯ. ಅಮೆರಿಕದ ಮೆಥಡಿಸ್ಟ್ ಬೋಧಕ ಸ್ಟಾನ್ಲಿ ಜೋನ್ಸರು 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಾಶ್ಚಾತ್ಯ ನಾಗರಿಕತೆಯನ್ನು ಪಕ್ಕಕ್ಕಿಟ್ಟು ಭಾರತದ ಹಾದಿಯಲ್ಲಿ ನಡೆಯುವ ಕ್ರಿಸ್ತನನ್ನು ತೋರಿಸಬೇಕೆಂದರು. ನಾನಾ ಮತದ ವಿದ್ಯಾವಂತರು ವೃತ್ತಾಕಾರವಾಗಿ ಕುಳಿತು, ಖಂಡನೆಯಿಲ್ಲದೆ, ತಮ್ಮ ಧರ್ಮವು ತಮಗೆ ಅನುಭವದಲ್ಲಿ ಏನನ್ನು ಕೊಟ್ಟಿದೆಯೆಂಬುದನ್ನು ಮಾತ್ರ ಹೇಳುವ ಗೋಷ್ಠಿಗಳನ್ನು ನಡೆಸಿದರು. ಮಹಾತ್ಮಾ ಗಾಂಧಿಯವರು ಇದಕ್ಕೂ ಪೂರ್ತಿಯಾಗಿ ಒಪ್ಪಲಿಲ್ಲ: ಗುಲಾಬಿಯು ತನ್ನ ಪರಿಮಳವನ್ನು ಸಾರಿಕೊಂಡು ತಿರುಗುವುದಿಲ್ಲ, ಕ್ರೈಸ್ತರೂ ಬಾಳಿ ತೋರಿಸಿದರೆ ಸಾಕು ಎಂಬುದು ಅವರ ಮತ. ಹೂವಿಗೆ ನಾಲಗೆಯಿಲ್ಲ, ಮನುಷ್ಯನಿಗೆ ಉಂಟು. ಒಳ್ಳೆಯದನ್ನು ಕಂಡವನು ಬಾಯಿ ಮುಚ್ಚಿಕೊಂಡಿರಬೇಕೆಂಬುದೂ ಕಠಿಣವೇ. ಆದರೆ ಪರಿಮಳವಿಲ್ಲದ ನಾಲಗೆಯ ಉಪದ್ರವವನ್ನು ಗಾಂಧಿಯವರು ಸಾಕಷ್ಟು ಕಂಡಿದ್ದರು.

ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಧರ್ಮಸ್ವಾತಂತ್ರ್ಯದ ವಿಧಿ ಚರ್ಚೆಗೆ ಬಂದಾಗ ಪ್ರಸಾರ ಮಾಡುವ ಹಕ್ಕನ್ನು ತೆಗೆದುಹಾಕಬೇಕೆಂದು ಲೋಕನಾಥ ಮಿಶ್ರರು ವಾದಿಸಿದರು, ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಮೊದಲಾದವರು ಅದನ್ನು ಉಳಿಸಬೇಕೆಂದರು. 25ನೆಯ ಅನುಚ್ಛೇದದಲ್ಲಿ ಆ ಪದ ಉಳಿಯಿತು. 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವುದು ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವುದು ಹಕ್ಕಲ್ಲ ಎಂದು ಗೆರೆ ಎಳೆಯಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರವನ್ನು ನಿಯಂತ್ರಿಸುವ ಕಾಯಿದೆ ಬಂದಿತು. ಮರುವರ್ಷ ಹೊಸ ಮಂತ್ರಿಮಂಡಲವು ಅದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಕ್ರೈಸ್ತಸಭೆಗಳೂ ತಮ್ಮ ಕಡೆಯಿಂದ ಗೆರೆಗಳನ್ನು ಎಳೆದುಕೊಂಡಿವೆ. ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಘೋಷಣೆಯಲ್ಲಿ ಬಲಾತ್ಕಾರವನ್ನೂ ಹೀನ ಪ್ರಲೋಭನೆಯನ್ನೂ, ವಿಶೇಷವಾಗಿ ಬಡವರ, ಅವಿದ್ಯಾವಂತರ ವಿಷಯದಲ್ಲಿ, ನಿಷೇಧಿಸಿತು. 2011ರಲ್ಲಿ ಕಥೋಲಿಕರು, ಜಾಗತಿಕ ಸಭೆಗಳ ಮಂಡಲಿ ಹಾಗೂ ಇವಾಂಜೆಲಿಕಲ್ ಒಕ್ಕೂಟದವರು ಕೂಡಿ ಇದೇ ಧಾಟಿಯ ನಡವಳಿಕೆಯ ನಿಯಮಗಳನ್ನು ಹೊರಡಿಸಿದರು.

ಈಗಿನ ಕನ್ನಡ ನಾಡಿನಲ್ಲಿ ಈ ಕಾರ್ಯವು ಮನೆಕೂಟದ ಪ್ರಾರ್ಥನೆ, ರೋಗಿಗಳ ಭೇಟಿ, ಸುವಾರ್ತಾ ಭಾಗಗಳ ಮಾರಾಟ, ರೇಡಿಯೋ ಮತ್ತು ದೂರದರ್ಶನಗಳ ಪ್ರವಚನಗಳ ರೂಪದಲ್ಲಿ ನಡೆಯುತ್ತಿದೆ. ಧ್ವನಿವರ್ಧಕವಿಟ್ಟು ಪವಾಡವನ್ನು ಸಾರುವವರೂ ಇಲ್ಲದಿಲ್ಲ. ಇವಾವುದರ ಹೆಸರಿಗೂ ಸಲ್ಲದ ಕೆಲವು ಪದ್ಧತಿಗಳಿವೆ. ಒಳನಾಡಿನ ಸಭೆಗಳ ಸುಗ್ಗಿಹಬ್ಬದಲ್ಲಿ ಮೊದಲ ಬೆಳೆಯ ಕುಂಬಳಕಾಯಿಯನ್ನೂ ರಾಗಿಯ ತೆನೆಯನ್ನೂ ದೇವಾಲಯದ ಮುಂದೆ ಹರಾಜು ಹಾಕುವಾಗ ಊರವರೆಲ್ಲ ಕೂಗುತ್ತಾರೆ. ಮಂಗಳೂರಿನಲ್ಲಿ ಕ್ರಿಸ್ಮಸ್ ಬಂದಿತೆಂದರೆ ನೆವ್ರಿ, ಕಿಡಿಯೊ, ಗುಳಿಯೊಗಳ ಕುಸ್ವಾರದ ತಟ್ಟೆ ನೆರೆಮನೆಗೆ ಹೋಗುತ್ತದೆ, ದೀಪಾವಳಿಗೆ ಅದೇ ತಟ್ಟೆ ತುಂಬಿ ಹಿಂದಿರುಗಿರುತ್ತದೆ. ಇದನ್ನು ಸುವಾರ್ತಾಪ್ರಸಾರವೆಂದು ಕರೆದರೆ ಕೊಟ್ಟವರೂ ನಗುವರು, ತಿಂದವರೂ ನಗುವರು. ಜನವರಿಯ ಕೊನೆಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಸೇರುವ ಜನರಲ್ಲಿ ಕ್ರೈಸ್ತರಲ್ಲದವರೇ ಬಹುಸಂಖ್ಯೆಯಲ್ಲಿರುತ್ತಾರೆ. ಹೂವು, ಎಣ್ಣೆ, ಮೇಣದ ಬತ್ತಿಗಳನ್ನು ಹಿಡಿದು ಸಾಲಿನಲ್ಲಿ ನಿಂತವರನ್ನು ಯಾವ ಮತದವರೆಂದು ಯಾರೂ ಕೇಳುವುದಿಲ್ಲ. ಅನಂತಶಾಸ್ತ್ರಿಗಳ ಊರಾದ ಮಾಳವು ಅದೇ ತಾಲ್ಲೂಕಿನಲ್ಲಿದೆ.